ನನ್ನ ಕುರ್ಚಿಯ ಎತ್ತರ

ಬೇರೆಯವರು ಕುಳಿತು ಎದ್ದುಹೋದ ಕುರ್ಚಿಯಲ್ಲಿ ಕುಳಿತಾಗ ನಮ್ಮ ಪಾದ ನೆಲಕ್ಕೆ ತಾಗದೆ ಹೋದರೆ ಆಗುವ ಸೂಕ್ಷ್ಮವಾದ ಅವಮಾನವನ್ನು ನೀವು ಅನುಭವಿಸಿದ್ದೀರೋ ಇಲ್ಲವೋ ನನಗೆ ತಿಳಿಯದು. ಎತ್ತರದ ನಿಲುವಿನವರಿಗೆ ಇದು ಅರ್ಥವಾಗುವ ವಿಚಾರವಲ್ಲ. ನನ್ನದು ನಾಲ್ಕು ಅಡಿ ಹತ್ತು ಇಂಚಿನ ಕಾಯ. ಕಾನ್ವೆಂಟಿನ ಗ್ರೂಪ್ ಫೋಟೋಗಳಲ್ಲೆಲ್ಲ ಮುಂದಿನ ಸಾಲಿನಲ್ಲಿ, ತರಗತಿಯ ಹೆಸರು ಬರೆದ ಸ್ಲೇಟು ಹಿಡಿದು ನೆಲದ ಮೇಲೆ ಕುಳಿತವಳು ನಾನೇ. ಈಗಿನ ಆಫೀಸು ಕುರ್ಚಿಗಳ ಅಡಿಯಲ್ಲಿ ಒಂದು ಹಿಡಿ ಇರುತ್ತದೆ. ಭಾರ ಹಾಕದೆ ಅದನ್ನೆತ್ತಿದರೆ ಆಸನ ಮೇಲಕ್ಕೇರುತ್ತದೆ, ಕುಳಿತು ಎತ್ತಿದರೆ ದೀರ್ಘವಾಗಿ ಉಸಿರು ಬಿಡುತ್ತಾ ಕೆಳಗಿಳಿಯುತ್ತದೆ. ನಾನು ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಆ ಹಿಡಿಯನ್ನು ಹುಡುಕಿ ಎತ್ತಿ, ನನ್ನದೇ ಆಗಿದ್ದ ಕುರ್ಚಿಯನ್ನು ನನ್ನ ಮಟ್ಟಕ್ಕೆ ಇಳಿಸಿಕೊಳ್ಳಬೇಕಾಗಿದೆ. ನಾಲ್ಕು ಬೆರಳು ಎತ್ತರಕ್ಕೆ ಅದನ್ನು ಏರಿಸಿ ಹೋಗುವವಳ ಹೆಸರು ಅಕ್ಷತಾ.

ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಮೇಲು, ಯಾಕೆಂದರೆ ಮುಂದೆ ನಾನು ಎಷ್ಟೇ ಸಭ್ಯವಾಗಿ ಬರೆದರೂ ಅದು ನಿಮಗೆ ಕಂಡೇ ಕಾಣುತ್ತದೆ. ಕಾನ್ವೆಂಟಿನಲ್ಲಿ ನಮಗೆ ನೀತಿಪಾಠ ಹೇಳುತ್ತಿದ್ದ ಸಿಸ್ಟರ್, ಎನ್‌ವಿ ಅಂದರೆ ಮತ್ಸರ ಎಂಬುದು ಏಳು ಮಹಾಪಾಪಗಳಲ್ಲಿ ಒಂದು ಎಂದು ಬೆರಳು ಮಡಚಿ ತೋರಿಸುತ್ತಿದ್ದರು. ರಜೆಗೆ ನಾರಾವಿಯ ಮನೆಗೆ ಬಂದಾಗ ಅಜ್ಜಿ ಕಲಿಸುತ್ತಿದ್ದ ಪಟ್ಟಿಯಲ್ಲಿ ಕ್ರೋಧ, ಮಾನ, ಮಾಯೆ, ಲೋಭ ಎಂಬ, ಆತ್ಮಕ್ಕೆ ಕೊಳೆ ಹಿಡಿಸುವ ನಾಲ್ಕೇ ಕಷಾಯಗಳು. ಮತ್ಸರಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. ಹೀಗಾಗಿ ಹಾಸ್ಟೆಲಿನಲ್ಲಿ ಮಾತ್ರ ಪಾಪವಾಗಿ, ಮನೆಯಲ್ಲಿ ಹೇಗೋ ನಡೆದುಹೋಗುವ ಒಂದು ಸೌಲಭ್ಯವೆಂದೇ ನಾನದನ್ನು ಬಹುಕಾಲ ತಿಳಿದಿದ್ದೆ. ಆ ನಾಲ್ಕನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಸಿಗುವುದೇ ಮತ್ಸರ ಎಂದು ತಿಳಿಯಲು ಎಪ್ಪತ್ತು ವರ್ಷ ದಾಟಬೇಕಾಯಿತು.

ನನ್ನ ಕಥೆಯನ್ನು ಸ್ವಲ್ಪ ಹೇಳಿದರೆ ನಿಮಗೆ ಅನುಕೂಲ. ಬಂಟ್ವಾಳದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಮೂವತ್ತೊಂದು ವರ್ಷ ದುಡಿದೆ. ಯಂತ್ರಗಳಿರುವುದು ಬಂಟ್ವಾಳದಲ್ಲಿ, ರಕ್ತ ತೆಗೆಯುವ ಶಾಖೆಗಳು ಬೆಳ್ತಂಗಡಿಯಲ್ಲೊಂದು, ನಾನು ಮದುವೆಯಾಗಿ ಬಂದ ಮೂಡುಬಿದಿರೆಯಲ್ಲೊಂದು. ದಿನಾ ಬೆಳಿಗ್ಗೆ ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ, ಒಮ್ಮೊಮ್ಮೆ ಮೂಡುಬಿದಿರೆಯ ರಕ್ತದ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡೇ, ನಾನು ಬಂಟ್ವಾಳಕ್ಕೆ ಬರುತ್ತಿದ್ದೆ. ನನ್ನ ಹುದ್ದೆಗೆ ರೆಕಾರ್ಡ್ ಅಸಿಸ್ಟೆಂಟ್ ಎಂಬ ಬಡ ಹೆಸರಿದ್ದರೂ ಮೂರೂ ಊರುಗಳ ನಡುವೆ ಕುಳಿತಿದ್ದವಳು ನಾನು. ಯಾರಿಗೆ ಯಾವ ಪರೀಕ್ಷೆ ಎಂದು ಶಾಖೆಗಳು ಫೋನಿನಲ್ಲಿ ಹೇಳಿದರೆ ಬರೆದುಕೊಂಡು ಒಳಗೆ ಕೊಡುವುದು, ಒಳಗಿನವರು ಕೊಟ್ಟ ಅಂಕಿಗಳನ್ನು ಅದೇ ಫೋನಿನಲ್ಲಿ ಹಿಂದಿರುಗಿಸುವುದು. ಬೆಳ್ತಂಗಡಿಯವರು ಮನೆಯ ಹೆಸರು ಮೊದಲು ಹೇಳಿ ರೋಗಿಯ ಹೆಸರು ಆಮೇಲೆ ಹೇಳುವರು, ಮೂಡುಬಿದಿರೆಯವರದು ಇದಕ್ಕೆ ತಿರುಗಾಮುರುಗಾ. ಇಂಥವನ್ನೆಲ್ಲ ನಾನು ಯಾರಿಗೂ ಹೇಳದೆ ಸರಿಪಡಿಸುತ್ತಿದ್ದೆ. ಎಲ್ಲವೂ ಸರಿಯಾಗಿದ್ದುದರಿಂದ ನಡುವೆ ಒಬ್ಬಳು ಇದ್ದಾಳೆಂಬುದೇ ಯಾರಿಗೂ ಹೊಳೆಯುತ್ತಿರಲಿಲ್ಲ.

ಆ ಕೆಲಸಕ್ಕೆ ಈಗ ಮಿಡಲ್‌ವೇರ್ ಎನ್ನುತ್ತಾರೆ. ಶಾಖೆಯ ಕಂಪ್ಯೂಟರಿಗೂ ಯಂತ್ರಗಳ ಕಂಪ್ಯೂಟರಿಗೂ ನಡುವೆ ನಿಂತು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಬದಲಿಸಿ ದಾಟಿಸುವ ಸಾಫ್ಟ್‌ವೇರ್ ಅದು. ನಾನು ನಿವೃತ್ತಳಾದ ಮೇಲೆ ಅದನ್ನು ತಂದರು, ಅದನ್ನು ನೋಡಿಕೊಳ್ಳಲು ಬೆಳ್ತಂಗಡಿಯಿಂದ ಅಕ್ಷತಾಳನ್ನು ಕರೆತಂದರು. ಮೂವತ್ತರ ಆಸುಪಾಸಿನ, ಐದೂಮುಕ್ಕಾಲು ಅಡಿಯ, ಕನ್ನಡಕದ ಹುಡುಗಿ. ನನ್ನನ್ನು ಮಾತ್ರ ಲ್ಯಾಬ್ ನಡೆಸುವ ಡಾಕ್ಟರರು ಪೂರ್ತಿ ಕಳಿಸಿಕೊಡಲಿಲ್ಲ; ಮೊಬೈಲಿನ ಮೆಸೇಜು ಓದಲಾರದ ಹಿರಿಯರಿಗೆ ಫೋನು ಮಾಡಿ ರಿಪೋರ್ಟು ಓದಿ ಹೇಳಲಿಕ್ಕೆ ವಾರಕ್ಕೆರಡು ದಿನ ಬನ್ನಿ ಎಂದರು. ಬರುತ್ತೇನೆ. ಬಂದಾಗಲೆಲ್ಲ ಚಹಾ ತರುವ ಲೀಲಾ ಮೊದಲು ಅಕ್ಷತಾಳ ಮೇಜಿಗೆ ಹೋಗುತ್ತಾಳೆ, ಲೋಟದ ಜೊತೆ ಎರಡು ಬಿಸ್ಕತ್ತು ಇಡುತ್ತಾಳೆ. ನನ್ನ ಕಾಲದಲ್ಲಿ ಒಂದೇ ಇತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಅಕ್ಷತಾ ಕೆಲಸಕ್ಕೆ ಸೇರಿದ ವಾರ ನನ್ನೆದುರು ಪುಸ್ತಕ ತೆರೆದು ಕುಳಿತು, "ಮೇಡಂ, ನೀವು ಮಾಡ್ತಾ ಇದ್ದದ್ರಲ್ಲಿ ಎಂತಾದ್ರೂ ವಿಶೇಷ ಉಂಟಾ? ಹೇಳಿ, ನಾನು ಬರ್ಕೊಳ್ತೇನೆ" ಎಂದು ಕೇಳಿದ್ದಳು. ನನ್ನ ಚೀಲದಲ್ಲಿ ಆಗ ಒಂದು ಉದ್ದ ನೋಟ್‌ಬುಕ್ ಇತ್ತು. ಮೂವತ್ತೊಂದು ವರ್ಷಗಳ ವಿಶೇಷಗಳೆಲ್ಲ ಅದರಲ್ಲಿದ್ದವು: ಯಾವ ಮನೆಯಲ್ಲಿ ಒಂದೇ ಹೆಸರಿನ ಮೂವರಿದ್ದಾರೆ, ರಂಜಾನ್ ತಿಂಗಳಲ್ಲಿ ಪಾಣೆಮಂಗಳೂರಿನ ವ್ಯಾಪಾರಿಗಳು ಬೆಳಿಗ್ಗೆ ಬಿಟ್ಟು ಸಂಜೆ ರಕ್ತ ಕೊಡಲು ಬರುತ್ತಾರೆ, ಯಾವ ಹೆಸರುಗಳ ಪಕ್ಕ ಕೆಂಪು ಪೆನ್ಸಿಲಿನಿಂದ ನಕ್ಷತ್ರ ಹಾಕಬೇಕು. ನಾನು ಚೀಲದ ಜಿಪ್ ಎಳೆದುಕೊಂಡು, "ವಿಶೇಷ ಎಂತ ಇಲ್ಲ, ನಥಿಂಗ್ ಸ್ಪೆಷಲ್" ಎಂದೆ. ಸುಳ್ಳು ಹೇಳುವಾಗ ನಾನು ಇಂಗ್ಲಿಷನ್ನು ಸೇರಿಸುತ್ತೇನೆ. ಕಾನ್ವೆಂಟ್ ಶಿಕ್ಷಣದಿಂದ ಇಂಥ ಉಪಯೋಗಗಳೂ ಇವೆ.

ಈಗ ಆ ಶುಕ್ರವಾರಕ್ಕೆ ಬರೋಣ. ಹಿಂದಿನ ದಿನ ಬೆಳಿಗ್ಗೆ ನಾನು ಮತ್ತು ನನ್ನ ನಾದಿನಿ ಸುಮತಿ ಮೂಡುಬಿದಿರೆಯ ಶಾಖೆಗೆ ಹೋಗಿ ಸಕ್ಕರೆಯ ಪರೀಕ್ಷೆಗೆ ರಕ್ತ ಕೊಟ್ಟಿದ್ದೆವು. ಕೊಡಬೇಕಾಗಿದ್ದುದು ಸುಮತಿ ಮಾತ್ರ. ಆಕೆಯ ಬಲಗಣ್ಣಿನ ಪೊರೆಯ ಆಪರೇಷನ್ ಶನಿವಾರಕ್ಕೆ ನಿಗದಿಯಾಗಿತ್ತು. ಜೊತೆಗೆ ಬಂದವಳು ಬರಿಗೈಯಲ್ಲಿ ಯಾಕೆ ಕುಳಿತಿರಬೇಕೆಂದು ನಾನೂ ಕೈ ಚಾಚಿದೆ. ಮಂಗಳೂರಿನ ಕಣ್ಣಿನ ಆಸ್ಪತ್ರೆಯವರು ಸಕ್ಕರೆಯ ರಿಪೋರ್ಟು ಶುಕ್ರವಾರ ನಾಲ್ಕು ಗಂಟೆಯೊಳಗೆ ಕೈಸೇರಬೇಕು, ಇಲ್ಲವಾದರೆ ಆ ಜಾಗ ಬೇರೆಯವರಿಗೆ, ಸುಮತಿಗೆ ಮತ್ತೆ ಎರಡು ತಿಂಗಳ ಮೇಲೆ ಎಂದಿದ್ದರು. ಆಕೆ ಬಸದಿಯಲ್ಲಿ ಮಧ್ಯಾಹ್ನ ಹೆಂಗಸರಿಗೆ ಪುರಾಣ ಓದಿ ಹೇಳುವವಳು. ಪುಟ ಮೂಗಿಗೆ ತಾಗಿಸಿದರೂ ಅಕ್ಷರ ಕಾಣದೆ ಆರು ತಿಂಗಳಿನಿಂದ ಬಾಯಿಪಾಠ ಬಂದದ್ದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ಹಿಂದಿನ ವಾರ ಬಸದಿಯ ಮೆಟ್ಟಿಲು ಕಾಣದೆ ಜಾರಿ ಮೊಣಕಾಲನ್ನು ತರಚಿಕೊಂಡಿದ್ದಳು.

ಗುರುವಾರ ಸಂಜೆಯೊಳಗೆ ಬರಬೇಕಾದ ರಿಪೋರ್ಟು ಬರಲಿಲ್ಲ. ಶುಕ್ರವಾರ ನಾನು ಲ್ಯಾಬಿಗೆ ಕಾಲಿಟ್ಟಾಗ ಅಕ್ಷತಾ ಶಾಖೆಗಳ ಫೋನಿನ ಎದುರು ನನ್ನ ಕುರ್ಚಿಯಲ್ಲೇ ಕುಳಿತು ಮೂಡುಬಿದಿರೆ ಶಾಖೆಯ ಹರೀಶನ ಜೊತೆ ಫೋನಿನಲ್ಲಿದ್ದಳು. ಆತನ ಸ್ವರ ಫೋನಿನಿಂದ ಹೊರಗೂ ಕೇಳುತ್ತಿತ್ತು.

"ಎಂತ ಮಾರಾಯ್ತಿ, ಮೂರು ಸಲ ಕಳಿಸಿದೆ. ಮೂರು ಸಲವೂ ನಿಮ್ಮ ಆ ಕಂಪ್ಯೂಟರ್ ವಾಪಸ್ ಉಗುಳಿತು. ಇಲ್ಲಿ ಜನ ನನ್ನ ತಲೆ ತಿಂತಾರೆ."

"ಇನ್ನೊಂದು ಸಲ ಕಳಿಸಿ ನೋಡಿ ಹರೀಶಣ್ಣ, ನಾನು ನೋಡ್ತಾ ಇದ್ದೇನೆ."

"ನೀನು ನೋಡ್ತಾ ಇರುದು ಸರಿ. ರಿಪೋರ್ಟ್ ಯಾರು ಕೊಡುದು?"

ನನ್ನ ಮನಸ್ಸಿನಲ್ಲಿ ಒಂದು ಸಣ್ಣ ದೀಪ ಹತ್ತಿಕೊಂಡಿತು ಎಂದರೆ ನೀವು ನನ್ನನ್ನು ಕ್ಷಮಿಸಬೇಕು. ಸಂಗತಿ ಏನೆಂದರೆ ಆ ವಾರ ಶಾಖೆಗಳಿಂದ ಬಂದ ರಕ್ತದ ಕೊಳವೆಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಸಾಗಿದ್ದವು. ಏಳು ಮಾತ್ರ ಸಿಕ್ಕಿಬಿದ್ದಿದ್ದವು. ಕೊಳವೆ ಬಂದಿದೆ, ಅದಕ್ಕೆ ಯಾವ ಪರೀಕ್ಷೆ ಎಂಬ ಸಂದೇಶ ನಡುವಿನಲ್ಲೇ ನಿಂತಿದೆ. ಸಂದೇಶವಿಲ್ಲದೆ ಯಂತ್ರ ಕೊಳವೆಯನ್ನು ಮುಟ್ಟುವುದಿಲ್ಲ. ಕೈಯಲ್ಲಿ ಬರೆದು ಕೊಡುವ ಪದ್ಧತಿಯನ್ನೋ, ನಾನು ಹೋದ ಮೇಲೆ ನಿಲ್ಲಿಸಿದ್ದಾರೆ. ತಿರಸ್ಕೃತವಾದ ಸಂದೇಶಗಳು ಹೋಗಿ ಬೀಳುವ ಮೂಲೆಗೆ ಡೆಡ್ ಲೆಟರ್ ಕ್ಯೂ ಎನ್ನುತ್ತಾರಂತೆ. ವಿಳಾಸದವರು ಸಿಗದ ಕಾಗದಗಳನ್ನು ಅಂಚೆ ಕಚೇರಿಯವರು ಕಟ್ಟಿಡುತ್ತಿದ್ದುದು ನೆನಪಾಗಿ, ಇಡೀ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ ಹೆಸರು ಅದೊಂದೇ. ಈಗ ಆ ಮೂಲೆಯಲ್ಲಿ ನನ್ನ ಹೆಸರೂ ಸುಮತಿಯ ಹೆಸರೂ ಅಕ್ಕಪಕ್ಕ ಕುಳಿತಿದ್ದವು. ಪ್ರತಿಯೊಂದರ ಎದುರು ಇಂಗ್ಲಿಷಿನಲ್ಲಿ "ಮಾಹಿತಿ ಸರಿಯಿಲ್ಲ" ಎಂಬ ಒಂದೇ ಷರಾ. ಯಾವ ಮಾಹಿತಿ, ಯಾಕೆ ಸರಿಯಿಲ್ಲ ಎಂಬ ವಿವರಣೆಯಿಲ್ಲ. ಪರೀಕ್ಷೆಯಲ್ಲಿ ಸೊನ್ನೆ ಕೊಟ್ಟು ಕಾರಣ ಹೇಳದೆ ಕಾಗದ ಎಸೆಯುವ ಟೀಚರುಗಳು ನಮಗೂ ಇದ್ದರು.

ಅಕ್ಷತಾ ತನ್ನ ಮೇಜಿಗೆ ಹೋಗಿ ಹುಡುಕತೊಡಗಿದಳು. ಹೊಟ್ಟೆಕಿಚ್ಚಿನವರು ಒಳ್ಳೆಯ ವೀಕ್ಷಕರಾಗಿರುತ್ತಾರೆ. ಆಕೆ ಹುಡುಕಿದ ಕ್ರಮವನ್ನು ನಾನು ನಿಮಗೆ ಚಾಚೂ ತಪ್ಪದೆ ಹೇಳಬಲ್ಲೆ. ಮೊದಲು ಮೂಡುಬಿದಿರೆಯ ಸಂಪರ್ಕ ಸರಿಯಿದೆಯೇ ಎಂದು ನೋಡಿದಳು, ಸರಿಯಿತ್ತು. ಪಾಸ್‌ವರ್ಡಿನ ಅವಧಿ, ವಿಳಾಸ, ಶಾಖೆಯ ಸಂಕೇತ, ಎಲ್ಲವೂ ಇದ್ದಲ್ಲಿಯೇ ಇದ್ದವು. ಸೆಟ್ಟಿಂಗುಗಳ ಕಡತವನ್ನು ಬೆಳ್ತಂಗಡಿಯ ಕಡತದ ಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿದಳು, ಒಂದಕ್ಷರ ವ್ಯತ್ಯಾಸವಿಲ್ಲ. ಆ ಸೋಮವಾರವಷ್ಟೇ ರೋಗಿಗಳಿಂದ ತುಂಬಿಸುವ ಹೊಸ ಫಾರ್ಮ್ ಬಂದಿತ್ತು, ಅದರ ಮೇಲೆ ಅನುಮಾನಪಟ್ಟಳು. ಆದರೆ ಅದೇ ಫಾರ್ಮ್ ಮೂರೂ ಊರುಗಳಲ್ಲಿದೆ, ಉಳಿದೆರಡರಲ್ಲಿ ತಂಟೆಯಿಲ್ಲ ಎಂದು ಕೈಬಿಟ್ಟಳು. ಕೊನೆಗೆ ಟೆಸ್ಟ್ ಎಂಬ ಹೆಸರಿನ ಒಬ್ಬ ಇಲ್ಲದ ರೋಗಿಯನ್ನು ಸೃಷ್ಟಿಸಿ, ಮೂಡುಬಿದಿರೆಯಿಂದಲೇ ಕಳಿಸಿದಂತೆ ಕಳಿಸಿದಳು. ಆತ ನಿರಾಯಾಸವಾಗಿ ದಾಟಿಬಂದ. ಹತ್ತು ಸಲ ಕಳಿಸಿದರೆ ಹತ್ತು ಸಲವೂ ದಾಟಿದ. ಆರೋಗ್ಯವಂತನಾದ ಆ ಕಾಲ್ಪನಿಕ ಮನುಷ್ಯನ ಎದುರು ಏಳು ಜನ ನಿಜವಾದ ಮನುಷ್ಯರು ಮೂಲೆಯಲ್ಲಿ ಕೊಳೆಯುತ್ತಿದ್ದೆವು.

ಹನ್ನೊಂದರ ಸುಮಾರಿಗೆ ಆಕೆ ಆ ಏಳು ಹೆಸರುಗಳನ್ನು ಕಾಗದದಲ್ಲಿ ಬರೆದು ಫೋನಿನ ಪಕ್ಕ ಇಟ್ಟಾಗ ನಾನು ಫೋನು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ ಓದಿದೆ. ಆರು ಮೂಡುಬಿದಿರೆಯವು. ಏಳನೆಯದು ಬೆಳ್ತಂಗಡಿ ಶಾಖೆಯದು, ಆದರೆ ನಾರಾವಿಯ ಕಡೆಯ ಮನೆ. ಒಂದೇ ಒಂದು ಆದುದರಿಂದ ಅಕ್ಷತಾ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಏಳೂ ಮನೆಗಳ ಅಡುಗೆಕೋಣೆ ನನಗೆ ಗೊತ್ತು. ಏಳೂ ಮನೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವುದಿಲ್ಲ. ನಾವು ಜೈನರೆಲ್ಲರೂ ಈಗ ಹಾಗೆ ಉಳಿದಿದ್ದೇವೆಂದು ಭಾವಿಸಬೇಡಿ. ನನ್ನ ಅಕ್ಕನ ಮೊಮ್ಮಗನೊಬ್ಬ ಅದೇ ಗುರುವಾರ ಅದೇ ಹರೀಶನಲ್ಲಿ ರಕ್ತ ಕೊಟ್ಟಿದ್ದ, ಅವನ ರಿಪೋರ್ಟು ಮಧ್ಯಾಹ್ನವೇ ಬಂದಿತ್ತು. ಅವನು ಬುಧವಾರ ರಾತ್ರಿ ಎಷ್ಟು ಗಂಟೆಗೆ, ಎಲ್ಲಿ ಪರೋಟ ತಿಂದಿರಬಹುದೆಂಬುದು ನನಗೆ ಆ ಕ್ಷಣದಲ್ಲಿ ದಿವ್ಯಜ್ಞಾನದಂತೆ ಹೊಳೆಯಿತು.

ಕಾರಣ ಪೂರ್ತಿಯಾಗಿ ಸ್ಪಷ್ಟವಾಯಿತು. ಹೊಸ ಫಾರ್ಮಿನಲ್ಲಿ ಕೊನೆಯ ಊಟ ಎಷ್ಟು ಹೊತ್ತಿಗೆ ಎಂದು ಹರೀಶ ನನ್ನನ್ನು ಕೇಳಿದ್ದ. ಮೊದಲು ಬರಿಹೊಟ್ಟೆಯೋ ಅಲ್ಲವೋ ಎಂದಷ್ಟೇ ಕೇಳುತ್ತಿದ್ದರು. ಸಂಜೆ ಆರು ಎಂದಿದ್ದೆ. ರಕ್ತ ಕೊಟ್ಟದ್ದು ಎಂಟೂವರೆಗೆ. ಹದಿನಾಲ್ಕೂವರೆ ಗಂಟೆಯ ಉಪವಾಸ. ಅಷ್ಟು ಹೊತ್ತು ಉಣ್ಣದವರು ಲೋಕದಲ್ಲಿರಲಿಕ್ಕಿಲ್ಲವೆಂದು ಆ ನಡುವಿನವಳು, ಅಂದರೆ ಮಿಡಲ್‌ವೇರ್, ನಿರ್ಧರಿಸಿದ್ದಾಳೆ. ನೋಟ್‌ಬುಕ್ಕಿನ ಕೆಂಪು ನಕ್ಷತ್ರ ಇದಕ್ಕಾಗಿಯೇ ಇದ್ದದ್ದು: ಇವರು ಬೇಗ ಉಣ್ಣುವವರು, ಅಂಕಿ ನೋಡುವಾಗ ಡಾಕ್ಟರರ ಗಮನಕ್ಕಿರಲಿ ಎಂದು.

ಎದ್ದುಹೋಗಿ ಹೇಳಬಹುದಿತ್ತು. ನಾಲ್ಕು ಹೆಜ್ಜೆ. ನಾನು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದು ಆಮೇಲೆ ಬಸ್ಸಿನಲ್ಲಿ ಬಹಳ ಯೋಚಿಸಿದ್ದೇನೆ. ಆಕೆ ಬಂದು ಕೇಳಲಿ ಎಂದಿತ್ತು. ಡಾಕ್ಟರರು ಎರಡು ಸಲ ಬಾಗಿಲಿನಿಂದ ತಲೆ ಹಾಕಿ, "ಅಕ್ಷತಾ, ನೀನು ಹೇಗೂ ಸರಿ ಮಾಡ್ತೀಯಲ್ಲ" ಎಂದು ಹೋದರು. ನನ್ನತ್ತ ನೋಡಿ ಊಟವಾಯಿತೇ ಎಂದರು. ಮೂವತ್ತೊಂದು ವರ್ಷದಲ್ಲಿ ಒಂದು ಕೊಳವೆಯೂ ನನ್ನ ಕೈಯಲ್ಲಿ ಅನಾಥವಾಗಲಿಲ್ಲ, ಆಗ ಯಾರೂ ಬಾಗಿಲಿನಿಂದ ತಲೆ ಹಾಕಲಿಲ್ಲ. ಈಕೆಗೋ, ತಪ್ಪಾದರೂ ಗೌರವ. ನಾನು ನನ್ನ ಪಟ್ಟಿಯ ಹಿರಿಯರಿಗೆ ಒಬ್ಬೊಬ್ಬರಾಗಿ ಫೋನು ಮಾಡುತ್ತಾ, ಅವರ ಕೊಲೆಸ್ಟರಾಲಿಗೆ ಧೈರ್ಯ ಹೇಳುತ್ತಾ, ಓರೆಗಣ್ಣಿನಿಂದ ಆಕೆಯ ಬೆನ್ನನ್ನು ನೋಡುತ್ತಾ ಎರಡು ಗಂಟೆಯವರೆಗೆ ಕುಳಿತಿದ್ದೆ. ಲೀಲಾ ತಂದಿಟ್ಟ ಎರಡು ಬಿಸ್ಕತ್ತುಗಳನ್ನೂ ಆಕೆ ಮುಟ್ಟಿರಲಿಲ್ಲ.

ಎರಡು ಗಂಟೆಗೆ ಸುಮತಿಯ ಫೋನು ಬಂತು.

"ಅತ್ತಿಗೆ, ನನ್ನದು ಆಯಿತಾ? ಆಸ್ಪತ್ರೆಯವರು ಈಗ ಪುನಃ ಕೇಳಿದ್ರು."

"ಇಲ್ಲ ಮಾರಾಯ್ತಿ, ಇಲ್ಲಿ ಕಂಪ್ಯೂಟರ್ ಎಂತದೋ ಹಟ ಮಾಡ್ತಾ ಉಂಟು."

"ಆ ಹುಡುಗಿ ಉಂಟಲ್ಲ, ಬೆಳ್ತಂಗಡಿಯವಳು? ಭಾರೀ ಬುದ್ಧಿಯವಳಂತೆ. ಹರೀಶ ಹೇಳ್ತಿದ್ದ."

ಹರೀಶನೂ. ಅರ್ಧ ದಿನ ಆಕೆಯನ್ನು ಬೈದ ಹರೀಶನೂ.

ಸುಮತಿ, "ಆದ್ರೆ ಅವಳಿಗೆ ನಾನು ಯಾರು ಅಂತ ಗೊತ್ತಿಲ್ಲ ಅಲ್ವಾ? ನೀವು ಅಲ್ಲಿ ಕೂತಿದ್ದೀರಿ ಅಂತ ನಾನು ಧೈರ್ಯದಲ್ಲಿದ್ದೇನೆ. ಬ್ಯಾಗಿಗೆ ಬಟ್ಟೆ ಹಾಕಿ ಆಯ್ತು" ಎಂದಳು.

ಫೋನಿಟ್ಟ ಮೇಲೆ ನನಗೆ ಕಂಡದ್ದು ಸುಮತಿಯ ಬ್ಯಾಗು. ಕಣ್ಣು ಕಾಣದೆ, ಕೈಯಲ್ಲಿ ತಡವಿ ತಡವಿ ಸೀರೆಯ ಅಂಚು ಹೊಂದಿಸಿ ಮಡಚಿರುತ್ತಾಳೆ. ಮೂರು ಗಂಟೆ ಕಾಲ ನಾನು ಒಬ್ಬಳ ಮೇಲಿನ ಅಸೂಯೆಗೆ ಇನ್ನೊಬ್ಬಳ ಕಣ್ಣನ್ನು ಒತ್ತೆಯಿಟ್ಟಿದ್ದೆ. ಆ ನಾಲ್ಕು ಹೆಜ್ಜೆಗಳನ್ನು ನಡೆದೆ.

"ಅಕ್ಷತಾ, ನೀನು ನಿನ್ನೆ ರಾತ್ರಿ ಎಷ್ಟು ಗಂಟೆಗೆ ಉಂಡದ್ದು?"

ಆಕೆ ಪರದೆಯಿಂದ ಕಣ್ಣೆತ್ತಿ, ಮುದುಕಿಗೆ ಇದೆಂಥ ಹೊತ್ತುಗೊತ್ತಿಲ್ಲದ ಕುಶಲಪ್ರಶ್ನೆ ಎಂಬಂತೆ ನೋಡಿದಳು. "ಒಂಬತ್ತೂವರೆ ಆಗಿರ್ಬೇಕು ಮೇಡಂ. ಯಾಕೆ?"

"ನಿನ್ನ ಆ ಟೆಸ್ಟ್ ಎನ್ನುವವ?"

"ಅವ ಉಣ್ಣುದಾ?" ಎಂದು ನಕ್ಕವಳು ಫಾರ್ಮ್ ನೋಡಿ, "ಅವನಿಗೆ ರಾತ್ರಿ ಹತ್ತು ಅಂತ ಹಾಕಿದ್ದೇನೆ" ಎಂದಳು.

"ಈ ಏಳು ಜನ ಆರು ಗಂಟೆಗೆ ಊಟ ಮಾಡಿ ಆಗಿರುತ್ತದೆ. ನಾನೂ. ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಇಲ್ಲ."

ಆಕೆ ಬೆರಳು ಮಡಚಿ ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಎಣಿಸಿದಳು. ಆಮೇಲೆ ಬೆಳಿಗ್ಗೆ ಹೋಲಿಸಿ ನೋಡಿದ್ದ ಅದೇ ಕಡತವನ್ನು ತೆರೆದು, ತುಂಬ ಕೆಳಗೆ, ಸಾಫ್ಟ್‌ವೇರ್ ಮಾರಿದವರೇ ಬರೆದು ಕಳಿಸಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಉಪವಾಸದ ಅವಧಿ: ಕನಿಷ್ಠ ಎಂಟು, ಗರಿಷ್ಠ ಹನ್ನೆರಡು. ಮೂರೂ ಊರುಗಳಲ್ಲಿ ಒಂದೇ ರೀತಿ ಇದ್ದುದರಿಂದಲೇ ಹೋಲಿಕೆಯಲ್ಲಿ ಅದು ಸಿಕ್ಕಿರಲಿಲ್ಲ. ಕಡತಗಳು ಒಂದೇ ಆಗಿದ್ದವು. ಬೇರೆಯಾಗಿದ್ದದ್ದು ಊಟದ ಹೊತ್ತು.

"ಅಯ್ಯೋ ದೇವರೆ. ಬೆಳಿಗ್ಗೆಯಿಂದ ನಾನು ವಯರ್ ಹುಡುಕ್ತಾ ಇದ್ದೇನೆ" ಎಂದಳು. "ಹದಿನಾರು ಹಾಕುವನಾ ಮೇಡಂ?"

ಕೇಳಿದಳು. ಕೊನೆಗೂ ಕೇಳಿದಳು. ನಾನು ತಡಮಾಡದೆ ಹೇಳಿದೆ: ಹದಿನಾರು ಸಾಲದು, ಚತುರ್ದಶಿಯ ದಿನ ಇಡೀ ಹಗಲು ರಾತ್ರಿ ಉಪವಾಸ ಇರುವವರಿದ್ದಾರೆ, ರಂಜಾನ್ ಬಂದರೆ ಪಾಣೆಮಂಗಳೂರಿನ ಅರ್ಧ ಪೇಟೆ ನಿನ್ನ ಮೂಲೆಯಲ್ಲಿ ಬಂದು ಕೂರುತ್ತದೆ, ಹೆಚ್ಚು ಹಸಿದವರನ್ನು ತಡೆಯಬೇಡ, ದಾಟಲು ಬಿಡು, ಡಾಕ್ಟರರಿಗೆ ಕಾಣುವಂತೆ ಒಂದು ಗುರುತು ಹಾಕು. "ನಾನು ಕೆಂಪು ನಕ್ಷತ್ರ ಹಾಕುತ್ತಿದ್ದೆ. ನಿನಗೆ ಹೇಳುವುದು... ಐ ಫರ್ಗಾಟ್."

"ನಾನೂ ಸರಿಯಾಗಿ ಕೇಳ್ಲಿಲ್ಲ ಮೇಡಂ" ಎಂದಳು ಆಕೆ, ಟೈಪು ಮಾಡುತ್ತಲೇ. ನಾನು ಎರಡನೆಯ ಸಲ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಕೆ ಪೂರ್ತಿಯಾಗಿ ನಂಬಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

ಆ ಒಂದು ಸಾಲನ್ನು ತಿದ್ದಲು ಆಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊಸ ಸಾಲಿನ ಮೇಲೆ ಮನುಷ್ಯರು ಓದಲಿಕ್ಕೆಂದೇ ಬರೆಯುವ, ಯಂತ್ರ ಲಕ್ಷ್ಯ ಕೊಡದ ಒಂದು ಟಿಪ್ಪಣಿಯ ಸಾಲಿತ್ತು. ಅದರಲ್ಲಿ "ವಿಜಯಾ ಮೇಡಂ ಹೇಳಿದ ಪ್ರಕಾರ" ಎಂದು ಇಂಗ್ಲಿಷಿನಲ್ಲಿ ಸೇರಿಸಿದಳು. ಮೂಲೆಯಲ್ಲಿದ್ದ ಏಳು ಸಂದೇಶಗಳನ್ನು ಎಬ್ಬಿಸಿ ಮತ್ತೆ ಕಳಿಸಿದಳು. ಒಳಗಿನ ಯಂತ್ರ ಗುರುಗುಟ್ಟಿತು. ಮೂರೂವರೆಗೆ ಸುಮತಿಯ ಸಕ್ಕರೆಯ ರಿಪೋರ್ಟು ಆಸ್ಪತ್ರೆ ತಲುಪಿತು, ಪಕ್ಕದಲ್ಲಿ ಒಂದು ನಕ್ಷತ್ರದೊಂದಿಗೆ. ಡಾಕ್ಟರರು ಬಾಗಿಲಿನಿಂದ ತಲೆ ಹಾಕಿ ಶಭಾಷ್ ಅಕ್ಷತಾ ಎಂದರು. ನಾನಲ್ಲ, ವಿಜಯಾ ಮೇಡಂ ಎಂದು ಆಕೆ ಹೇಳುವಷ್ಟರಲ್ಲಿ ಅವರು ಹೋಗಿಯಾಗಿತ್ತು.

ಸುಮತಿಯ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಆಕೆ ಮೊದಲು ನೋಡಿದ್ದು ನನ್ನ ಮುಖವನ್ನು. ಬಹಳ ಹೊತ್ತು ನೋಡಿ, "ಅತ್ತಿಗೆ, ನಿಮಗೆ ಇಷ್ಟೆಲ್ಲ ನೆರಿಗೆ ಬಿದ್ದದ್ದು ಯಾವಾಗ?" ಎಂದಳು. ಚೆನ್ನಾಗಿ ಕಾಣುತ್ತಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ. ಆ ಶುಕ್ರವಾರ ಸುಮ್ಮನೆ ಕುಳಿತ ಮೂರು ಗಂಟೆಗಳಲ್ಲಿ ಎಂದು ಹೇಳಬೇಕೆನಿಸಿತು.

ನಡುವೆ ಇರುವವರ ಬಾಳೇ ಹಾಗೆ ಎಂದು ಈಗ ತೋರುತ್ತದೆ. ಎಲ್ಲ ಸುಸೂತ್ರವಾಗಿ ಸಾಗಿದಾಗ ಅವರು ಯಾರಿಗೂ ಕಾಣುವುದಿಲ್ಲ, ತಡೆದು ನಿಲ್ಲಿಸಿದಾಗ ಮಾತ್ರ ಎಲ್ಲರ ಕಣ್ಣೂ ಅತ್ತ ತಿರುಗುತ್ತದೆ. ಆ ದಿನ ನಾನು ಕೂಡ ಕಾಣಿಸಿಕೊಳ್ಳಲು ಅದೇ ದಾರಿ ಹಿಡಿದಿದ್ದೆ. ಯಂತ್ರ ತಿಳಿಯದೆ ತಡೆಯಿತು, ನಾನು ತಿಳಿದೂ ತಡೆದೆ. ಹೀಗೆ ಹೋಲಿಸಿದರೆ ಆ ನಡುವಿನವಳೇ ನನಗಿಂತ ಮೇಲು ಎಂದಾಗುತ್ತದೆ, ಅದನ್ನೂ ನನ್ನಿಂದ ಸಹಿಸಲಾಗುವುದಿಲ್ಲ.

ಮುಂದಿನ ಮಂಗಳವಾರ ಉದ್ದ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಬಂಟ್ವಾಳಕ್ಕೆ ಹೋದೆ. ಅಕ್ಷತಾ ಬೆಳ್ತಂಗಡಿ ಶಾಖೆಗೆ ಹೋಗಿದ್ದಳು. ಕುರ್ಚಿಯ ಹಿಡಿಗೆ ಕೈ ಹಾಕುವಾಗ ಕಂಡಿತು: ಆಸನದ ಕೆಳಗಿನ ಕಂಬಕ್ಕೆ ಎರಡು ಬಣ್ಣದ ಟೇಪು ಸುತ್ತಿತ್ತು, ರಕ್ತದ ಕೊಳವೆಗಳಿಗೆ ಅಂಟಿಸುವ ಅದೇ ಟೇಪು. ಮೇಲೆ ನೀಲಿ, ಕೆಳಗೆ ಕೆಂಪು. ಕೆಂಪು ಟೇಪಿನ ಮೇಲೆ ಪೆನ್ನಿನಿಂದ ಒಂದು ಪುಟ್ಟ ನಕ್ಷತ್ರ. ಅಲ್ಲಿಯವರೆಗೆ ಇಳಿಸಿ ಕುಳಿತೆ. ಎರಡೂ ಪಾದಗಳು ನೆಲದಲ್ಲಿ ಸಮತಟ್ಟಾಗಿ ಕುಳಿತವು. ಎಲ್ಲಾದರೂ ಅರ್ಧ ಇಂಚು ತಪ್ಪಿದೆಯೋ ಎಂದು ಹಿಮ್ಮಡಿ ಒತ್ತಿ ನೋಡಿದೆ, ತಪ್ಪಿರಲಿಲ್ಲ. ಯಾವಾಗ ಅಳೆದಳೋ.

ಸಂಜೆ ಹೊರಡುವ ಮೊದಲು ನೋಟ್‌ಬುಕ್ಕನ್ನು ಆಕೆಯ ಮೇಜಿನ ಮೇಲೆ, ಕಾಣುವಂತೆ ಇಟ್ಟೆ. ಆಮೇಲೆ ಹಿಂದಿರುಗಿ, ಕುರ್ಚಿಯ ಹಿಡಿ ಎತ್ತಿ, ನಾಳೆ ಬರುವವಳಿಗೆಂದು ಆಸನವನ್ನು ನೀಲಿ ಟೇಪಿನವರೆಗೆ ಏರಿಸಿದೆ. ಪೂರ್ತಿ ಅಲ್ಲ. ಒಂದು ಬೆರಳು ಕಡಿಮೆ.